ಬಣ್ಣ ಕೊಳ್ಳದೆ ಮೊಟ್ಟೆಗೆ ಸಿಂಗಾರ

ಮಕ್ಕಳೇ, ಬೇಯಿಸಿದ ಮೊಟ್ಟೆ ಸುಲಿದಾಗ ಒಳಗಿನ ಬಿಳಿ ಭಾಗ ಗುಲಾಬಿ ಬಣ್ಣವಾಗಿದ್ದನ್ನು ಯಾವಾಗಲಾದರೂ ನೋಡಿದ್ದೀರಾ? ಕಳೆದ ವರ್ಷ ಈಸ್ಟರ್ ಹಬ್ಬದ ದಿನ ತೆಪ್ಪಕಾಡಿನಲ್ಲಿ ನಾನು ನೋಡಿದೆ.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಬಂಡೀಪುರ ದಾಟಿದರೆ ತಮಿಳುನಾಡಿನ ಮುದುಮಲೈ ಕಾಡು. ಅದರೊಳಗೆ, ಮೋಯಾರ್ ಹೊಳೆಯ ದಡದಲ್ಲಿ, ಆನೆ ಶಿಬಿರ ಇರುವ ಜಾಗವೇ ತೆಪ್ಪಕಾಡು. ರಸ್ತೆ ಅಲ್ಲಿ ಕವಲೊಡೆದು ಒಂದು ಗೂಡಲೂರಿಗೆ, ಇನ್ನೊಂದು ಮಸಿನಗುಡಿಗೆ ಹೋಗುತ್ತದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಹಾಗಾಗಿ ಹಿಂದಿನ ದಿನವೇ ಹೋಗಿ ಗೆಳೆಯನ ಮನೆಯಲ್ಲಿ ಉಳಿದಿದ್ದೆ. ಅವನ ಮಗಳು ಆರನೇ ತರಗತಿ. ಮನೆಯ ನಾಟಿ ಕೋಳಿ ಇಟ್ಟ ಆರು ಮೊಟ್ಟೆಗಳನ್ನು ದಿನಕ್ಕೊಂದರಂತೆ ಕೂಡಿಟ್ಟು, ಬೇಯಿಸಿ, ಸಂತೆಯಲ್ಲಿ ತಂದ ಬಣ್ಣದ ಪುಡಿಯಲ್ಲಿ ಅದ್ದಿದ್ದಳು. ನೋಡೋಕೆ ಬಲು ಚೆಂದ. ಸುಲಿದರೆ ಒಳಗೆಲ್ಲ ಗುಲಾಬಿ ಚುಕ್ಕೆ, ಗುಲಾಬಿ ಗೆರೆ. "ತಿನ್ನಬಹುದಾ ಸಾರ್?" ಅಂತ ಕೇಳಿದಳು. ಪೊಟ್ಟಣ ತರಿಸಿ ನೋಡಿದೆ. ಯಾವ ಬಣ್ಣ, ಯಾತಕ್ಕೆ ಬಳಸೋದು, ಏನೂ ಬರೆದಿರಲಿಲ್ಲ. ಬೇಡಮ್ಮ ಅಂದೆ. ಆರು ಮೊಟ್ಟೆಯೂ ಗುಂಡಿಗೆ ಹೋದವು. ಹಬ್ಬದ ದಿನ ಮಗು ಅತ್ತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಬೇಡ ಅಂದಿದ್ದಕ್ಕೆ ಕಾರಣ ಇದೆ. 2024ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ ಬಾಂಬೆ ಮಿಠಾಯಿ, ಅಂದರೆ ಕಾಟನ್ ಕ್ಯಾಂಡಿಯ ಮಾರಾಟ ನಿಷೇಧಿಸಿತು. ಮಾರ್ಚ್‌ನಲ್ಲಿ ಕರ್ನಾಟಕವೂ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ರೋಡಮೈನ್-ಬಿ ಎಂಬ ಗುಲಾಬಿ ಬಣ್ಣ. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ.

ಆದರೆ ಬಣ್ಣ ಹಾಕಿದ್ದು ಹೊರಗೆ, ಚಿಪ್ಪಿನ ಮೇಲೆ. ಒಳಗೆ ಹೇಗೆ ಹೋಯಿತು? ಮೊಟ್ಟೆಯ ಚಿಪ್ಪು ಗಾಜಿನ ಹಾಗೆ ಮುಚ್ಚಿದ ಗೋಡೆಯಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಒಳಗಿನ ಮರಿ ಉಸಿರಾಡಬೇಕಲ್ಲ! ಗಾಳಿ ಹೋಗುವ ದಾರಿಯಲ್ಲೇ ನೀರೂ, ನೀರಿನಲ್ಲಿ ಕರಗಿದ ಬಣ್ಣವೂ ಹೋಗುತ್ತೆ. ಬೇಯುವಾಗ ಸಣ್ಣ ಬಿರುಕು ಬಿಟ್ಟಿದ್ದರಂತೂ ಕೇಳೋದೇ ಬೇಡ. ಆದ್ದರಿಂದ ಮೊಟ್ಟೆಯ ಮೇಲೆ ಏನು ಹಚ್ಚುತ್ತೀರೋ ಅದನ್ನು ಸ್ವಲ್ಪ ತಿಂದೇ ತಿನ್ನುತ್ತೀರಿ ಅಂತ ಲೆಕ್ಕ ಹಾಕಿಕೊಳ್ಳಿ.

ಅವತ್ತು ಮಧ್ಯಾಹ್ನ ಪಕ್ಕದ ಮನೆಯಿಂದ ಮತ್ತೆ ನಾಲ್ಕು ಮೊಟ್ಟೆ ತಂದೆವು. ಈ ಸಲ ಅಂಗಡಿ ಬಣ್ಣ ಬೇಡ, ಕೋಳಿಯೇ ಕೊಟ್ಟ ಬಣ್ಣ ಸಾಕು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ, ಹೇಳ್ತೀನಿ.

ಕಂದು ಮೊಟ್ಟೆಯೊಂದನ್ನು ಒಡೆದು ಚಿಪ್ಪಿನ ಒಳಮೈ ನೋಡಿ. ಬಿಳಿ! ಕಂದು ಬಣ್ಣ ಇರೋದು ಹೊರಗಿನ ತೆಳು ಪದರದಲ್ಲಿ ಮಾತ್ರ. ಕೋಳಿಯ ಹೊಟ್ಟೆಯಲ್ಲಿ ಚಿಪ್ಪು ತಯಾರಾಗಲು ಸುಮಾರು 20 ಗಂಟೆ ಬೇಕು. ಬಣ್ಣದ ಬಹುಪಾಲು ಕೊನೆಯ ಕೆಲವು ಗಂಟೆಗಳಲ್ಲಿ, ಗೋಡೆ ಕಟ್ಟಿದ ಮೇಲೆ ಸುಣ್ಣ ಬಳಿದ ಹಾಗೆ, ಮೇಲೆ ಸೇರುತ್ತದೆ. ಆ ವರ್ಣಕದ ಹೆಸರು ಪ್ರೋಟೋಪಾರ್ಫಿರಿನ್. ನಮ್ಮ ರಕ್ತದ ಕೆಂಪಿಗೆ ಕಾರಣವಾದ ಹೀಮ್ ಇದೆಯಲ್ಲ, ಅದರ ಹತ್ತಿರದ ಸಂಬಂಧಿ ಇದು.

ಇನ್ನು ಚಿಪ್ಪಿನ ಸುಮಾರು 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಹತ್ತನೇ ತರಗತಿಯವರು ಆಮ್ಲ, ಪ್ರತ್ಯಾಮ್ಲ ಪಾಠ ನೆನಪಿಸಿಕೊಳ್ಳಿ:

ಕ್ಯಾಲ್ಸಿಯಂ ಕಾರ್ಬೊನೇಟ್ + ಅಸಿಟಿಕ್ ಆಮ್ಲ → ಕ್ಯಾಲ್ಸಿಯಂ ಅಸಿಟೇಟ್ + ನೀರು + ಕಾರ್ಬನ್ ಡೈಆಕ್ಸೈಡ್

ಅಸಿಟಿಕ್ ಆಮ್ಲ ಅಂದರೆ ಅಡುಗೆಮನೆಯ ವಿನೆಗರ್. ಅದು ಚಿಪ್ಪಿನ ಮೇಲ್ಪದರವನ್ನು ಕರಗಿಸಿದರೆ ಅದರ ಜೊತೆ ಕಂದು ಬಣ್ಣವೂ ಹೋಗುತ್ತದೆ. ಎಲ್ಲಿ ಆಮ್ಲ ತಾಗದ ಹಾಗೆ ಮಾಡುತ್ತೇವೋ ಅಲ್ಲಿ ಮಾತ್ರ ಕಂದು ಉಳಿಯುತ್ತದೆ. ತಾಗದ ಹಾಗೆ ಮಾಡೋದು ಮೇಣ.

ಮೊಟ್ಟೆ ಬೇಯಿಸಿ, ಒರೆಸಿ ಒಣಗಿಸಿ. ಸ್ವಲ್ಪ ಬೆಚ್ಚಗಿರುವಾಗಲೇ ಮೇಣದಬತ್ತಿಯ ತುಂಡಿನಿಂದ ಒತ್ತಿ ಚಿತ್ರ ಬರೆಯಿರಿ. ಸಣ್ಣ ಚುಕ್ಕೆ, ಗೆರೆ ಬೇಕಾದರೆ ಕರಗಿದ ಮೇಣದಲ್ಲಿ ಗುಂಡುಸೂಜಿಯ ತಲೆ ಅದ್ದಿ ಇಡಬೇಕು. ಆಗ ಮನೆಯ ದೊಡ್ಡವರು ಪಕ್ಕದಲ್ಲಿರಲಿ. ಮೇಣ ಗಟ್ಟಿಯಾದ ಮೇಲೆ ಮೊಟ್ಟೆ ಮುಳುಗುವಷ್ಟು ವಿನೆಗರ್‌ನಲ್ಲಿ ಬಿಡಿ. ತಕ್ಷಣ ಮೈತುಂಬ ಗುಳ್ಳೆ ಏಳುತ್ತವೆ. ಹತ್ತು ಹದಿನೈದು ನಿಮಿಷವಾದ ಮೇಲೆ ತೆಗೆದು, ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಕಂದು ಗಸಿ ಬಿಟ್ಟುಕೊಂಡು ಬರುತ್ತೆ. ಸಾಲದಿದ್ದರೆ ಮತ್ತೆ ಐದು ನಿಮಿಷ ಅದ್ದಿ. ಕೊನೆಗೆ ಬಿಸಿನೀರಿನಲ್ಲಿ ಅದ್ದಿ ಬಟ್ಟೆಯಿಂದ ಒರೆಸಿದರೆ ಮೇಣ ಹೋಗಿ, ಬಿಳಿ ನೆಲದ ಮೇಲೆ ಕಂದು ಚಿತ್ರ ಕಾಣುತ್ತದೆ. ಬೆರಳಾಡಿಸಿ ನೋಡಿ, ಗೆರೆ ಸ್ವಲ್ಪ ಉಬ್ಬಿರುತ್ತೆ. ಸುತ್ತಲಿನ ಚಿಪ್ಪು ಅಷ್ಟು ಕರಗಿದೆ ಅಂತ ಅರ್ಥ. ನಿಂಬೆರಸವೂ ಆಗುತ್ತೆ, ಆದರೆ ನಿಧಾನ.

ಗಡಿಯಾರ ನೋಡ್ತಾ ಇರಿ. ನಾನು ಮೊದಲ ಮೊಟ್ಟೆ ಅದ್ದಿಟ್ಟು, ಹೊಳೆಗೆ ಆನೆ ಇಳಿದಿದೆ ಅಂತ ಓಡಿದೆ. ಬಂದು ಉಜ್ಜಿದರೆ ಮೇಣ ಸಮೇತ ಚಿತ್ರವೇ ಎದ್ದು ಬಂತು. ಎಲ್ಲರೂ ನಕ್ಕರು. ಹೇಗೂ ಕೆಟ್ಟಿತಲ್ಲ ಅಂತ ಅದನ್ನು ಹೊಸ ವಿನೆಗರ್‌ನಲ್ಲಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಚಿಪ್ಪೇ ಇಲ್ಲ, ರಬ್ಬರ್ ಚೆಂಡಿನಂಥ ಮೊಟ್ಟೆ.

ಬಿಳಿ ಮೊಟ್ಟೆಯವರು ಬೇಸರ ಮಾಡ್ಕೋಬೇಡಿ. ಈರುಳ್ಳಿಯ ಒಣ ಸಿಪ್ಪೆ ಯಾರ ಮನೆಯಲ್ಲೂ ಕಸ. ಹಸಿಮೊಟ್ಟೆಯ ಮೇಲೆ ಒಂದು ಕೊತ್ತಂಬರಿ ಎಲೆ ಒದ್ದೆ ಮಾಡಿ ಅಂಟಿಸಿ, ಹಳೇ ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಎರಡು ಹಿಡಿ ಸಿಪ್ಪೆ ಹಾಕಿದ ನೀರಿನಲ್ಲಿ ಬೇಯಿಸಿ. ಎಲೆ ಕೂತ ಜಾಗ ಬಿಳಿ, ಉಳಿದದ್ದು ಇಟ್ಟಿಗೆ ಕೆಂಪು. ಮೇಣ ಮಾಡಿದ ಕೆಲಸವನ್ನೇ ಇಲ್ಲಿ ಎಲೆ ಮಾಡುತ್ತೆ. ತೆಪ್ಪಕಾಡಿನ ಹುಡುಗಿ ಕಾಡಿನ ಜರಿಗಿಡದ ಎಲೆ ತರ್ತೀನಿ ಅಂತ ಹೊರಟಳು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಎಲೆ ಕೀಳುವಂತಿಲ್ಲ ಅಂತ ಅವರಪ್ಪ ತಡೆದರು.

ಅರಿಶಿನದ್ದು ಇನ್ನೊಂದು ಆಟ. ಎರಡು ಚಮಚ ಅರಿಶಿನ, ಒಂದು ಚಮಚ ವಿನೆಗರ್ ಹಾಕಿ ಬಿಳಿ ಮೊಟ್ಟೆ ಬೇಯಿಸಿದರೆ ಹಳದಿಯಾಗುತ್ತದೆ. ತೊಳೆದು ಒಣಗಿಸಿ, ಎಲೆಅಡಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯಲ್ಲಿ ತೆಂಗಿನ ಕಡ್ಡಿ ಅದ್ದಿ ಬರೆಯಿರಿ. ಗೆರೆ ಕೆಂಪು! ಆರತಿಗೆ ಓಕುಳಿ ನೀರು ಮಾಡುವಾಗ ಅಜ್ಜಿ ಮಾಡೋದೂ ಇದನ್ನೇ: ಅರಿಶಿನ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಸುಣ್ಣ ಕಣ್ಣಿಗೆ ತಾಗಬಾರದು, ಹುಷಾರು. ಸ್ವಲ್ಪ ಹೊತ್ತಿನಲ್ಲಿ ಗೆರೆ ಮಂಕಾಗುತ್ತೆ. ಯಾಕೆ? ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಚಿಪ್ಪಿನ ವಸ್ತುವೇ. ತಿನ್ನುವ ಮೊದಲು ಗೆರೆ ತೊಳೆದುಬಿಡಿ.

ಈಸ್ಟರ್‌ಗೆ ಮೊಟ್ಟೆ ಯಾಕೆ ಅಂತ ಕೆಲವರು ಕೇಳಬಹುದು. ಯುರೋಪಿನ ಕ್ರೈಸ್ತರು ಹಿಂದೆ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಮೊಟ್ಟೆ ತಿನ್ನುತ್ತಿರಲಿಲ್ಲ. ಕೋಳಿಗೇನು ಉಪವಾಸವೇ? ಇಡುತ್ತಲೇ ಇತ್ತು. ಕೂಡಿದ ಮೊಟ್ಟೆಗಳೆಲ್ಲ ಹಬ್ಬದ ದಿನ ಹೊರಗೆ ಬಂದವು. ನೀಲಗಿರಿಯಲ್ಲೂ ಈ ಹಬ್ಬ ಹಳೆಯದು: ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್ ಜನರಿಗೆ ತೆರೆದದ್ದೇ 1831ರ ಏಪ್ರಿಲ್ 3, ಈಸ್ಟರ್ ಭಾನುವಾರ. ಅದರ ತೊಲೆಗಳು ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಹೋದವು. ಅಂದಹಾಗೆ ಊಟಿ ಸುಮಾರು 2,240 ಮೀಟರ್ ಎತ್ತರ. ಅಲ್ಲಿ ನೀರು 93 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಮೊಟ್ಟೆ ಬೇಯಲು ನಮ್ಮೂರಿಗಿಂತ ಹೆಚ್ಚು ಹೊತ್ತು ಬೇಕು.

ಸಿಂಗರಿಸಿದ ಮೊಟ್ಟೆಯನ್ನು ಫ್ರಿಜ್ ಇಲ್ಲದಿದ್ದರೆ ಎರಡು ಗಂಟೆಯೊಳಗೆ ತಿಂದುಬಿಡಿ. ಆಮ್ಲದಲ್ಲಿ ಮೇಲ್ಪದರ ಹೋಗಿರುವುದರಿಂದ ಅದು ಬೇಗ ಕೆಡುತ್ತೆ. ಕಾಡಂಚಿನವರು ಚಿಪ್ಪನ್ನು ಹೊರಗೆ ಎಸೆಯಬೇಡಿ, ಮಂಗ, ಹಂದಿ ಹಿತ್ತಲಿಗೆ ರೂಢಿಯಾಗುತ್ತವೆ. ಪುಡಿ ಮಾಡಿ ಹೂಕುಂಡಕ್ಕೆ ಹಾಕಿ.

ಆ ಹುಡುಗಿ ಉಳಿದ ಮೂರು ಮೊಟ್ಟೆಗಳ ಮೇಲೆ ಆನೆ ಬರೆದಳು. ಒಂದರಲ್ಲಿ ಸೊಂಡಿಲು ಅಳಿಸಿಹೋಗಿ ಹಂದಿಯ ಹಾಗೆ ಕಾಣ್ತಿತ್ತು. ಅದನ್ನು ನನಗೆ ಕೊಟ್ಟಳು, ಉಪ್ಪು ಮೆಣಸು ಹಾಕಿ ತಿಂದೆ. ಒಳಗೆ ಬೆಳ್ಳಗೇ ಇತ್ತು.