ಬ್ಯಾಟರಿಗೆ ಕಂಬಳಿ ಹೊದಿಸಿದರೆ ಸಾಕಾ?

ಕಂಬಳಿ ಬಿಸಿ ಕೊಡಲ್ಲ, ಇರೋ ಬಿಸಿಯನ್ನು ಬೇಗ ಹೋಗಲು ಬಿಡಲ್ಲ, ಅಷ್ಟೇ. ಇವಿ ಬ್ಯಾಟರಿಯ ಇನ್ಸುಲೇಷನ್ ಕೂಡ ಹಾಗೇ.

ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಪ್ರತಿ 10 ಹೊಸ ಕಾರುಗಳಲ್ಲಿ ಸುಮಾರು 9 ಎಲೆಕ್ಟ್ರಿಕ್. ಅಲ್ಲಿನ ಚಳಿಗೆ ಸೆಲ್ ಒಳಗೆ ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಅವು ಗ್ರಾಫೈಟ್ ಒಳಗೆ ಸೇರದೆ ಅದರ ಮೇಲೇ ಲೋಹವಾಗಿ ಕೂರುತ್ತವೆ. ಹಾಗೆ ಹೋದ ಸಾಮರ್ಥ್ಯ ಪೂರ್ತಿ ವಾಪಸ್ ಬರಲ್ಲ, ಒಳಗೆ ಶಾರ್ಟ್ ಆಗುವ ಅಪಾಯವೂ ಇದೆ.

ನಾವೆಲ್ಲ ಓದಿರುವ ನ್ಯೂಟನ್‌ನ ಕೂಲಿಂಗ್ ನಿಯಮದಲ್ಲೇ ಒಂದು ಲೆಕ್ಕ ಹಾಕೋಣ. 400 ಕೆಜಿ ಬ್ಯಾಟರಿಯನ್ನು 1 ಡಿಗ್ರಿ ಬಿಸಿ ಮಾಡಲು 400 ಕಿಲೋಜೌಲ್ ಬೇಕು ಅಂದುಕೊಳ್ಳಿ. ಹೊರಗಿನ ಗಾಳಿಗೂ ಬ್ಯಾಟರಿಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 5 ವಾಟ್ ಸೋರಿದರೆ, 20 ಡಿಗ್ರಿಯ ಬ್ಯಾಟರಿ ಮೈನಸ್ 10ರ ಚಳಿಯಲ್ಲಿ 10 ಗಂಟೆ ನಿಂತಾಗ ಸುಮಾರು 9ಕ್ಕೆ ಇಳಿಯುತ್ತೆ. ಇನ್ಸುಲೇಷನ್ ಹಾಕಿ ಸೋರಿಕೆ ಅರ್ಧ ಮಾಡಿದರೆ 14ರ ಹತ್ತಿರ ಉಳಿಯುತ್ತೆ. ಎರಡು ವಾರ ನಿಲ್ಲಿಸಿದರೆ ಮಾತ್ರ ಎರಡೂ ಮೈನಸ್ 10!

ಅಂದರೆ ಒಂದು ರಾತ್ರಿಗೆ ಕಂಬಳಿ ಸಾಕು, ವಾರಗಟ್ಟಲೆ ನಿಂತರೆ ಹೀಟರ್ ಬೇಕೇ ಬೇಕು. ಫಾಸ್ಟ್ ಚಾರ್ಜಿಂಗ್‌ನಲ್ಲಿ ಹುಟ್ಟುವ ಬಿಸಿ ಹೊರಹೋಗಲು ಕೂಲಂಟ್ ದಾರಿಯನ್ನೂ ಬಿಡಬೇಕು. ಆದ್ದರಿಂದ ಡಿಸೈನ್‌ಗೆ ಕೂರುವಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ: ಕಾರು ಎಷ್ಟು ಹೊತ್ತು ನಿಂತಿರುತ್ತೆ?