ಮಗನಿಗೆ ಹತ್ತು ತುಂಬಿತು, ನನ್ನ ಕೋಪ ಹೆಚ್ಚಾಯಿತು

ಪ್ರಶ್ನೆ: ನಾನು ಕುಂದಾಪುರದ ಕಡೆಯವನು, ವಯಸ್ಸು 45. ಹತ್ತು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಅದೇ ವರ್ಷ ದೂರದ ಸಂಬಂಧಿಯೊಬ್ಬರ ಜೊತೆ ನನ್ನನ್ನು ಮುಂಬೈಗೆ ಕಳಿಸಿದರು. ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ. ರಾತ್ರಿ ಅಲ್ಲೇ ಮೇಜಿನ ಮೇಲೆ ನಿದ್ದೆ. ಗ್ಲಾಸು ಒಡೆದರೆ ಪೆಟ್ಟು. ರಾತ್ರಿ ಶಾಲೆಗೆ ಹೋಗಿ ಹತ್ತನೇ ತರಗತಿ ಮುಗಿಸಿದೆ. ಈಗ ಕುರ್ಲಾದಲ್ಲಿ ಸ್ವಂತ ಕ್ಯಾಂಟೀನ್ ಇದೆ, ನೆಹರೂ ನಗರದಲ್ಲಿ ಮನೆ ಇದೆ. ಆದರೆ ಯಾರನ್ನೂ ನಂಬಲಾರೆ. ಹೆಂಡತಿ ತವರಿಗೆ ಹೋದರೆ ಇನ್ನು ಬರುವುದಿಲ್ಲ ಅನ್ನಿಸಿ, ಫೋನಿನ ಮೇಲೆ ಫೋನ್ ಮಾಡಿ ಜಗಳ ತೆಗೆಯುತ್ತೇನೆ. ಕೆಲಸದವರು ನನ್ನ ಬಳಿ ನಿಲ್ಲುವುದಿಲ್ಲ. ಮಗನಿಗೆ ಹತ್ತು ತುಂಬಿದ ಮೇಲೆ ಕೋಪ ಇನ್ನೂ ಜಾಸ್ತಿಯಾಗಿದೆ. ಮೊನ್ನೆ ಅನ್ನ ಬಿಟ್ಟನೆಂದು ಅವನ ತಟ್ಟೆ ಎತ್ತಿ ಗೋಡೆಗೆ ಎಸೆದೆ. ಬಾಲ್ಯದಲ್ಲಿ ನೊಂದವರಿಗೆ ದೊಡ್ಡವರಾದ ಮೇಲೆ ಪರ್ಸನಾಲಿಟಿ ಡಿಸಾರ್ಡರ್ ಬರುತ್ತದೆಂದು ಓದಿದೆ. ಮೊಬೈಲಿನಲ್ಲಿ ಬಾಲ್ಯದ ನೋವಿನ ಬಗ್ಗೆ ಹತ್ತು ಪ್ರಶ್ನೆಗಳ ಪರೀಕ್ಷೆ ಮಾಡಿಕೊಂಡೆ, ಐದು ಅಂಕ ಬಂತು. ನಾನು ಕೆಟ್ಟುಹೋದವನೇ? ಮಗನೂ ಹೀಗೇ ಆಗುತ್ತಾನಾ?
— ಓದುಗ, ಕುರ್ಲಾ

ಉತ್ತರ: ತಟ್ಟೆಯ ವಿಷಯದಿಂದಲೇ ಶುರು ಮಾಡುತ್ತೇನೆ. ಮಗನಿಗೆ ಹತ್ತು ತುಂಬಿದ ಮೇಲೆ ಕೋಪ ಹೆಚ್ಚಾಯಿತು ಎಂದು ಬರೆದಿದ್ದೀರಿ. ಹತ್ತು ವರ್ಷಕ್ಕೆ ನೀವು ಮೋರಿಯ ಪಕ್ಕ ಕೂತು ಎಂಜಲು ಬಸಿ ತೊಳೆಯುತ್ತಿದ್ದಿರಿ. ಅದೇ ವಯಸ್ಸಿನ ಹುಡುಗ ಈಗ ನಿಮ್ಮ ಮನೆಯಲ್ಲಿ ಅಮ್ಮ ಬಡಿಸಿದ ಅನ್ನವನ್ನು ಬೇಡ ಎನ್ನುತ್ತಾನೆ. ಬೇಡ ಎನ್ನುವ ಧೈರ್ಯ ಅವನಿಗಿದೆ. ನಿಮಗೆ ಸಿಟ್ಟು ಬಂದದ್ದು ಬಿಟ್ಟ ಅನ್ನಕ್ಕಿಂತ ಹೆಚ್ಚಾಗಿ ಆ ಧೈರ್ಯದ ಮೇಲೆ ಎಂದು ನನಗನ್ನಿಸುತ್ತದೆ. ತಾವು ನೊಂದ ವಯಸ್ಸಿಗೆ ಮಕ್ಕಳು ಬಂದಾಗ ಅಪ್ಪ-ಅಮ್ಮಂದಿರಲ್ಲಿ ಹಳೆಯದೆಲ್ಲ ಮೇಲೆದ್ದು ಬರುವುದನ್ನು ನಾವು ಆಪ್ತಸಮಾಲೋಚಕರು ಮತ್ತೆ ಮತ್ತೆ ಕಾಣುತ್ತೇವೆ.

ನಿಮ್ಮ ಉಳಿದ ಸ್ವಭಾವವನ್ನೂ ಆ ಹೋಟೆಲಿನ ಅಡುಗೆಮನೆಯಲ್ಲಿ ಇಟ್ಟು ನೋಡಿ. ಮಾಲೀಕರಾದ ಸೇಟು ಮೆಟ್ಟಿಲಿಳಿಯುವ ಸದ್ದಿನಲ್ಲೇ ಅವರ ಮೂಡು ತಿಳಿಯಬೇಕಿತ್ತು. ಯಾರನ್ನಾದರೂ ನಂಬಿ ದುಡ್ಡು ಕೊಟ್ಟರೆ ಅದು ಹೋದಂತೆಯೇ. ಬಸ್‌ಸ್ಟ್ಯಾಂಡಿನಲ್ಲಿ ಕೈಬೀಸಿದ ಅಮ್ಮನನ್ನು ಮತ್ತೆ ಕಾಣಲು ವರ್ಷಗಟ್ಟಲೆ ಕಾಯಬೇಕಿತ್ತೋ ಏನೋ. ಅಲ್ಲಿ ಅನುಮಾನ, ಸದಾ ಎಚ್ಚರ, ಅಗಲಿಕೆಯ ಭಯ ಎಲ್ಲವೂ ನಿಮ್ಮನ್ನು ಉಳಿಸಿದವು. ಎಳೆಯ ಮಿದುಳು ಅಪಾಯದಲ್ಲಿ ಕಲಿತ ಪಾಠವನ್ನು ಸುಲಭಕ್ಕೆ ಬಿಡುವುದಿಲ್ಲ. ಮನೆ ಬದಲಾಗಿ, ಗಲ್ಲಾದಲ್ಲಿ ನೀವೇ ಕೂತಿದ್ದರೂ, ಹೆಂಡತಿ ರೈಲು ಹತ್ತಿದೊಡನೆ ಅದು ಹಳೆಯ ಗಂಟೆಯನ್ನೇ ಬಾರಿಸುತ್ತದೆ.

ನೀವು ಓದಿದ ಸಂಬಂಧ ಸುಳ್ಳಲ್ಲ. ನ್ಯೂಯಾರ್ಕ್ ರಾಜ್ಯದ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿ ಜೆಫ್ರಿ ಜಾನ್ಸನ್ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಒಳಗಾದದ್ದು ದಾಖಲಾಗಿದ್ದ ಮಕ್ಕಳಿಗೆ ಯೌವನದಲ್ಲಿ ವ್ಯಕ್ತಿತ್ವದ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಸಾಧ್ಯತೆ ಹೆಚ್ಚು, ಅಷ್ಟೇ. ನೊಂದ ಎಷ್ಟೋ ಮಕ್ಕಳಿಗೆ ಆ ತೊಂದರೆ ಬರುವುದೇ ಇಲ್ಲ. ಹುಟ್ಟುಗುಣ, ರಕ್ತದಲ್ಲಿ ಬಂದದ್ದು, ನಡುವೆ ಸಿಕ್ಕ ಒಬ್ಬ ಒಳ್ಳೆಯ ಮೇಷ್ಟ್ರು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಿಮ್ಮ ರಾತ್ರಿ ಶಾಲೆಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಆ ಹತ್ತು ಪ್ರಶ್ನೆಗಳ ಬಗ್ಗೆ. ಅವುಗಳ ಮೂಲ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಅವರ 1998ರ ಅಧ್ಯಯನದಲ್ಲಿದೆ. ಇಡೀ ಜನಸಮೂಹದ ಆರೋಗ್ಯ ಅಳೆಯಲು ಮಾಡಿದ್ದು ಅದು. ಒಬ್ಬೊಬ್ಬರ ಭವಿಷ್ಯ ಹೇಳಲು ಆ ಅಂಕವನ್ನು ಬಳಸಬೇಡಿ ಎಂದು 2020ರಲ್ಲಿ ಆಂಡಾ ಅವರೇ ಎಚ್ಚರಿಸಿದ್ದಾರೆ. ಅದೂ ಅಲ್ಲದೆ, ದುಡಿಯಲೆಂದು ಊರು ಬಿಡಿಸಿ ಕಳಿಸಿದ ಮಗುವಿನ ಬಗ್ಗೆ ಆ ಹತ್ತರಲ್ಲಿ ಒಂದು ಪ್ರಶ್ನೆಯೂ ಇಲ್ಲ. ಆ ಐದನ್ನು ಮರೆತುಬಿಡಿ.

ಪರ್ಸನಾಲಿಟಿ ಡಿಸಾರ್ಡರ್ ಇದೆಯೋ ಇಲ್ಲವೋ ಎಂದು ಪತ್ರ ಓದಿ ನಾನು ಹೇಳಲಾರೆ, ಯಾರೂ ಹೇಳಬಾರದು. ಹರೆಯದಿಂದಲೂ, ಮನೆ, ಕೆಲಸ, ಗೆಳೆತನ ಎಲ್ಲ ಕಡೆಯೂ ಅದೇ ರೀತಿ ನಡೆದು, ಬದುಕಿಗೇ ಅಡ್ಡಿಯಾಗಿದೆಯೇ ಎಂದು ಮನೋವೈದ್ಯರು ಕೂತು ಕೇಳಿ ತಿಳಿಯಬೇಕು. ಬಹಳ ಕಾಲದ ಖಿನ್ನತೆಯೂ, ಆಘಾತದ ನಂತರದ ತೊಂದರೆಯೂ ಹೊರಗಿನಿಂದ ಹೀಗೇ ಕಾಣುತ್ತವೆ.

ಒಂದು ಮಾತು ನಮ್ಮವರೆಲ್ಲರಿಗೂ ಸೇರಿಸಿ ಹೇಳಬೇಕು. ಮುಂಬೈ ಕನ್ನಡಿಗರ ಸಭೆಗಳಲ್ಲಿ 'ಬರಿಗೈಲಿ ಬಂದು ಕಪ್ಪು ತೊಳೆದು ಮೇಲೆ ಬಂದವರು' ಎಂದು ಶಾಲು ಹೊದಿಸುತ್ತೇವೆ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಶಾಲು ಹೊದ್ದವರು 'ಆಗ ನನಗೆ ಭಯವಾಗುತ್ತಿತ್ತು' ಎಂದು ಹೇಳಲು ಜಾಗವೇ ಇಲ್ಲ. ನೀವು ಬಂದ ಕಾಲಕ್ಕೆ 1986ರ ಬಾಲಕಾರ್ಮಿಕ ಕಾಯಿದೆ ಇದ್ದರೂ ಅದರ ನಿಷೇಧದ ಪಟ್ಟಿಯಲ್ಲಿ ಹೋಟೆಲ್ ಇರಲಿಲ್ಲ. ಆ ಕಾಯಿದೆಯಡಿ 14 ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸಬಾರದೆಂದು ಆದದ್ದು 2006ರ ಅಕ್ಟೋಬರ್ 10ರಿಂದ. ನಿಮಗೆ ಆದದ್ದು ಅನ್ಯಾಯ. ಅದನ್ನು ದೇಶದ ಕಾನೂನು ಒಪ್ಪಿಕೊಳ್ಳುವ ಹೊತ್ತಿಗೆ ನಿಮ್ಮ ಬಾಲ್ಯ ಮುಗಿದಿತ್ತು.

ಹಾಗೆಂದು ತಟ್ಟೆ ಎಸೆದದ್ದಕ್ಕೆ ರಿಯಾಯಿತಿ ಇಲ್ಲ. ಗೋಡೆಗೆ ಬಡಿದ ಆ ಸದ್ದು ನಿಮ್ಮ ಮಗನಿಗೆ ಸೇಟುವಿನ ಹೆಜ್ಜೆಯ ಸದ್ದೇ. ಅವನು ನಿಮ್ಮ ಹಾಗೆ ಆಗಬೇಕೆಂಬ ವಿಧಿಯೇನಿಲ್ಲ. ದೊಡ್ಡವರು ತಪ್ಪು ಮಾಡಿ, ಒಪ್ಪಿಕೊಂಡು, ಸರಿಪಡಿಸುವುದನ್ನು ಕಂಡ ಮಗು ಬೇರೆಯೇ ಪಾಠ ಕಲಿಯುತ್ತದೆ. ಇವತ್ತೇ ಅವನ ಪಕ್ಕ ಕೂತು, 'ತಟ್ಟೆ ಎಸೆದದ್ದು ನನ್ನ ತಪ್ಪು, ನಿನ್ನ ತಪ್ಪಲ್ಲ' ಎನ್ನಿ. 'ಆದರೆ ನೀನು ಅನ್ನ ಬಿಡಬಾರದಿತ್ತು' ಎಂದು ಬಾಲ ಸೇರಿಸಬೇಡಿ. ನಿಮ್ಮ ಬಾಲ್ಯದ ಕಥೆಯೂ ಆಗ ಬೇಡ, ಇನ್ನೊಂದು ದಿನಕ್ಕಿರಲಿ.

ಚಿಕಿತ್ಸೆ ಇದೆ, ಫಲವೂ ಇದೆ. ವ್ಯಕ್ತಿತ್ವದ ತೊಂದರೆಗಳಲ್ಲೇ ಬಹಳ ಕಠಿಣವೆನಿಸಿದ ಬಾರ್ಡರ್‌ಲೈನ್ ಪರ್ಸನಾಲಿಟಿಯ ರೋಗಿಗಳನ್ನು ಅಮೆರಿಕದಲ್ಲಿ ಮೇರಿ ಜನಾರಿನಿ ಹತ್ತು ವರ್ಷ ಗಮನಿಸಿದರು. 100ಕ್ಕೆ 93 ಮಂದಿಯಲ್ಲಿ ಕನಿಷ್ಠ ಎರಡು ವರ್ಷ ರೋಗಲಕ್ಷಣ ತಗ್ಗಿತ್ತು. ಮಾತಿನ ಚಿಕಿತ್ಸೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊದಲ ವಾರಗಳಲ್ಲಿ ಮನಸ್ಸು ಇನ್ನೂ ಕದಡಬಹುದು. ಆಗ ಬಿಟ್ಟುಬಿಡಬೇಡಿ.

ಕುರ್ಲಾದಿಂದ ಮುಂದಿನ ಸ್ಟೇಷನ್ ಸಯನ್. ಅಲ್ಲಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಿ ಮನೋವೈದ್ಯರನ್ನು ಕಾಣಬಹುದು. ಮೊದಲು ಕನ್ನಡದಲ್ಲೇ ಮಾತಾಡಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಹೆಂಡತಿಯನ್ನೂ ಜೊತೆಗೆ ಬರುವಿರಾ ಎಂದು ಕೇಳಿ. ಒಪ್ಪಿದರೆ, ವೈದ್ಯರ ಮುಂದೆ ಅವರು ಮಾತಾಡುವಾಗ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.