ಹದದ ಸುದ್ದಿ ತರುವ ಪುಟ್ಟ ರೇಡಿಯೋ

ಮೊಬೈಲ್ ಸ್ಟಾರ್ಟರ್ ಬಂದ ಮೇಲೆ, ನಡುರಾತ್ರಿ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಟಾರ್ಚ್ ಹಿಡಿದು ತೋಟಕ್ಕೆ ಓಡುವ ಕಷ್ಟ ತಪ್ಪಿತು. ಮಲಗಿದಲ್ಲೇ ಮೋಟಾರು ಶುರು ಮಾಡಬಹುದು. ಆದರೆ ಈ ಹೊತ್ತು ದ್ರಾಕ್ಷಿ ಬಳ್ಳಿಗೆ ನೀರು ಬೇಕೋ ಬೇಡವೋ ಎಂಬುದನ್ನು ಸ್ಟಾರ್ಟರ್ ಹೇಳುವುದಿಲ್ಲ. ಕರೆಂಟ್ ಇದೆಯಲ್ಲ, ಹರಿಯಲಿ ಎಂದು ಬಿಡುತ್ತೇವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಯಿಂದ ಎತ್ತಿದ ನೀರು ಹೀಗೆ ಬೇರಿಗೂ ಸಿಗದೆ ಕೆಳಗಿಳಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಮಣ್ಣಿನ ಹದ ಅಳೆಯುವ ಸೆನ್ಸರ್‌ಗಳು ಹೊಸವಲ್ಲ. ಅವು ಕೊಡುವ ಅಂಕಿಯನ್ನು ಕರೆಂಟ್ ಇಲ್ಲದ ತೋಟದ ನಡುವಿನಿಂದ ಮನೆಗೆ ತರುವುದು ಹೇಗೆ ಎಂಬುದೇ ತೊಡಕಾಗಿತ್ತು. ವೈಫೈ ಅಂಗಳ ದಾಟುವುದಿಲ್ಲ. ಪ್ರತಿ ಸೆನ್ಸರ್‌ಗೂ ಒಂದೊಂದು ಸಿಮ್ ಹಾಕಿದರೆ ರೀಚಾರ್ಜ್ ಖರ್ಚು ಬೇರೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಈ ತೊಡಕನ್ನು ಬಿಡಿಸಿದ್ದು ಲೋರಾ ಎಂಬ ರೇಡಿಯೋ ವಿಧಾನ. ಆಚೆ ದಿಣ್ಣೆಯ ಮೇಲಿರುವವರನ್ನು ಕರೆಯುವಾಗ ನಾವು ಹೆಸರನ್ನು ಎಳೆದೆಳೆದು ಕೂಗುತ್ತೇವಲ್ಲ, ಲೋರಾ ಮಾಡುವುದೂ ಅದನ್ನೇ. ನಾಲ್ಕಾರು ಅಂಕಿಗಳನ್ನಷ್ಟೇ ನಿಧಾನವಾಗಿ ಎಳೆದು ಕಳಿಸುತ್ತದೆ. ಹಾಡು, ಚಿತ್ರ ಇದರಲ್ಲಿ ಹೋಗುವುದಿಲ್ಲ, ಆದರೆ ಬಯಲಿನಲ್ಲಿ ಎರಡು ಮೂರು ಕಿಲೋಮೀಟರ್ ಮುಟ್ಟುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಅಲೆಗಳನ್ನು ಇಂಥ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಿಂದಲೇ ಲೈಸೆನ್ಸ್ ಇಲ್ಲದೆ ಬಿಟ್ಟುಕೊಡಲಾಗಿದೆ.

ಲೋರಾ ಬರುವುದಕ್ಕೂ ಮೊದಲೇ ನಮ್ಮ ಪಕ್ಕದ ತುಮಕೂರು ಜಿಲ್ಲೆಯಲ್ಲಿ ಒಂದು ಪ್ರಯತ್ನ ನಡೆದಿತ್ತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್‌ಲೆಂಡಿನ ಲೋಸಾನ್ ತಾಂತ್ರಿಕ ವಿಶ್ವವಿದ್ಯಾಲಯದವರು ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ, ಮಳೆಯಾಶ್ರಿತ ಶೇಂಗಾ ಹೊಲಗಳಿಗೆಂದು ನಿಸ್ತಂತು ಸೆನ್ಸರ್ ಜಾಲವನ್ನು ಹೂಡಿದರು. ಮೊದಲು ರೈತರಿಗೆ ಯಾವ ಮಾಹಿತಿ ಬೇಕೆಂದು ಕೇಳಿ ತಿಳಿದು ಕೆಲಸಕ್ಕಿಳಿದದ್ದು ಅವರ ದೊಡ್ಡತನ. ಆಗಿನ ರೇಡಿಯೋಗಳ ಕೂಗು ಹತ್ತಿರಕ್ಕಷ್ಟೇ ಕೇಳುತ್ತಿದ್ದುದರಿಂದ ಒಂದು ಪೆಟ್ಟಿಗೆ ಇನ್ನೊಂದಕ್ಕೆ ಸುದ್ದಿ ದಾಟಿಸಬೇಕಿತ್ತು. ಅಂಥ ಸಾಲಿನಲ್ಲಿ ನಡುವಿನದೊಂದು ಕೆಟ್ಟರೆ ಅದರ ಹಿಂದಿನವೆಲ್ಲ ಮೂಕವಾಗುತ್ತವೆ. ಲೋರಾದಲ್ಲಿ ಪ್ರತಿ ಸೆನ್ಸರ್ ನೇರವಾಗಿ ಗೇಟ್‌ವೇ ಎಂಬ ಒಂದೇ ಪೆಟ್ಟಿಗೆಗೆ ಮಾತಾಡುತ್ತದೆ, ಒಂದು ಕೆಟ್ಟರೆ ಅದೊಂದೇ ಕೆಡುತ್ತದೆ.

ಇನ್ನು ಬ್ಯಾಟರಿ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಏಕೆಂದರೆ ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಪೆನ್‌ಟಾರ್ಚ್ ಸೆಲ್ ಗಾತ್ರದ 3.6 ವೋಲ್ಟ್ ಲಿಥಿಯಂ ಸೆಲ್‌ನಲ್ಲಿ ಸುಮಾರು 2400 ಮಿಲಿಆಂಪ್-ಗಂಟೆ ಇರುತ್ತದೆ. ಗೇಟ್‌ವೇ ಚೆನ್ನಾಗಿ ಕೇಳಿಸುವಂತಿದ್ದರೆ ಒಂದು ಸಂದೇಶಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಸಾಕು. ಕೇಳಿಸದಿದ್ದರೆ ಸೆನ್ಸರ್ ಇನ್ನೂ ಎಳೆದು, ಸುಮಾರು ಒಂದೂವರೆ ಸೆಕೆಂಡು ಕೂಗಬೇಕು. ಆ ಹೊತ್ತಿನಲ್ಲಿ 100 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆ ಕಳಿಸಿದರೆ ದಿನಕ್ಕೆ 48 ಸಂದೇಶ, ಖರ್ಚು ಸುಮಾರು 2 ಮಿಲಿಆಂಪ್-ಗಂಟೆ. ಸೆಲ್ ವರ್ಷಗಟ್ಟಲೆ ಬರುತ್ತದೆ. ಅದೇ ಸೆನ್ಸರನ್ನು ನಿಮಿಷಕ್ಕೊಮ್ಮೆ ಕಳಿಸು ಎಂದರೆ ದಿನಕ್ಕೆ 60 ಮಿಲಿಆಂಪ್-ಗಂಟೆ ಖರ್ಚು, ನಲವತ್ತು ದಿನಕ್ಕೆ ಸೆಲ್ ಖಾಲಿ. ಮಣ್ಣಿನ ಹದ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ. ‘ಕ್ಷಣಕ್ಷಣದ ಮಾಹಿತಿ’ ಎಂದು ಮಾರುವವರ ಮಾತಿಗೆ ಮರುಳಾಗಬೇಡಿ, ಅರ್ಧ ಗಂಟೆ ಧಾರಾಳವಾಯಿತು.

ಕೂಗು ಚಿಕ್ಕದಾಗಬೇಕಾದರೆ ಆಂಟೆನಾ ಎತ್ತರದಲ್ಲಿರಬೇಕು. ನೂರು ಬಾರಿ ಹೇಳಿದರೂ ಸಾಲದ ಮಾತಿದು. ದ್ರಾಕ್ಷಿ ಚಪ್ಪರದ ಕೆಳಗೆ ಪೆಟ್ಟಿಗೆ ಕಟ್ಟಿದರೆ ಮೇಲಿನ ತಂತಿ, ಹಸಿ ಎಲೆ ಎರಡೂ ಅಲೆಯನ್ನು ಕುಗ್ಗಿಸುತ್ತವೆ. ಚಾಟನಿ ಮಾಡಿದ ವಾರ ಚೆನ್ನಾಗಿ ಬರುತ್ತಿದ್ದ ಅಂಕಿ, ಚಪ್ಪರ ತುಂಬಿದ ಮೇಲೆ ನಿಂತುಹೋದರೆ ಸೆನ್ಸರ್ ಕೆಟ್ಟಿತೆಂದು ಬೈಯಬೇಡಿ. ಒಂದು ಪೈಪ್ ನೆಟ್ಟು ಪೆಟ್ಟಿಗೆಯನ್ನೇ ಚಪ್ಪರಕ್ಕಿಂತ ಎರಡು ಮೂರು ಅಡಿ ಮೇಲಕ್ಕೇರಿಸಿ. ದಟ್ಟ ನೀಲಗಿರಿ ತೋಪು ಅಡ್ಡವಿದ್ದರೂ ಇದೇ ಪಾಡು. ಆಂಟೆನಾ ಸಿಕ್ಕಿಸದೆ ಪೆಟ್ಟಿಗೆಗೆ ಸೆಲ್ ಹಾಕಬೇಡಿ, ರೇಡಿಯೋ ಸುಟ್ಟುಹೋಗಬಹುದು. ಬರಿಯ ತಂತಿಯ ಆಂಟೆನಾ ಆದರೆ ಉದ್ದ 8.6 ಸೆಂಟಿಮೀಟರ್ ಹತ್ತಿರ ಇರಬೇಕು. 17 ಸೆಂಟಿಮೀಟರ್ ಇದ್ದರೆ ಅದು 433 ಮೆಗಾಹರ್ಟ್ಸ್‌ನದು, ನಮ್ಮದಕ್ಕೆ ಹೊಂದುವುದಿಲ್ಲ.

ಸೆನ್ಸರ್ ಹೂಳುವ ಜಾಗ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಡ್ರಿಪ್ಪರ್‌ನ ನೇರ ಕೆಳಗೆ ಬೇಡ, ಅದರಿಂದ ಒಂದಡಿ ದೂರ, ನೆನೆಯುವ ವೃತ್ತದ ಒಳಗೇ ಇರಲಿ. ದ್ರಾಕ್ಷಿಗೆ ಒಂದಡಿ ಆಳದಲ್ಲಿ ಒಂದು, ಎರಡಡಿಯಲ್ಲಿ ಇನ್ನೊಂದು. ಮೇಲಿನದು ‘ನೀರು ಬೇಕು’ ಎನ್ನುತ್ತದೆ. ನೀರು ಬಿಟ್ಟಾಗಲೆಲ್ಲ ಕೆಳಗಿನದರ ಅಂಕಿಯೂ ಏರುತ್ತಿದ್ದರೆ ‘ಜಾಸ್ತಿಯಾಯಿತು, ನಿಲ್ಲಿಸು’ ಎಂದರ್ಥ. ನಮ್ಮ ಗರಸು ಬೆರೆತ ಕೆಂಪು ಮಣ್ಣಿನಲ್ಲಿ ಕಲ್ಲಿನ ಸಂದಿಯ ಗಾಳಿ ಸೆನ್ಸರ್‌ಗೆ ತಾಗಿ ಸುಳ್ಳು ಅಂಕಿ ಕೊಡುತ್ತದೆ. ಆದ್ದರಿಂದ ಅದೇ ಗುಂಡಿಯ ಮಣ್ಣನ್ನು ಜರಡಿ ಹಿಡಿದು, ಕೆಸರು ಮಾಡಿ ಸುತ್ತ ತುಂಬಿ. ಆಮೇಲೆ ಜಾಗ ಚೆನ್ನಾಗಿ ನೆನೆಸಿ, ಒಂದು ದಿನ ಬಿಟ್ಟು ಬರುವ ಅಂಕಿಯನ್ನು ‘ಪೂರ್ಣ ಹದ’ ಎಂದು ಗುರುತು ಹಾಕಿಕೊಳ್ಳಿ. ಕಂಪನಿಯ ಪಟ್ಟಿಗಿಂತ ನಿಮ್ಮ ಮಣ್ಣಿನಲ್ಲಿ ಸಿಕ್ಕ ಈ ಅಂಕಿಯೇ ಮೇಲು. ಮೊದಲ ತಿಂಗಳು ಕೈಯಲ್ಲಿ ಮಣ್ಣು ಹಿಸುಕಿ ನೋಡುವುದನ್ನು ಬಿಡಬೇಡಿ. ಉಂಡೆ ಕಟ್ಟಿತೋ ಉದುರಿತೋ ಎಂಬುದನ್ನು ಆ ಹೊತ್ತಿನ ಅಂಕಿಯ ಪಕ್ಕ ಬರೆದಿಡಿ.

ರೇಷ್ಮೆಯವರಿಗೆ ಇಷ್ಟು ದೂರದ ರೇಡಿಯೋ ಬೇಕಿಲ್ಲ. ದೇವನಹಳ್ಳಿ ಕಡೆಯ ವಿಜಯಪುರದ ಸುತ್ತಿನ ಹುಳುಮನೆಗಳು ಮನೆಗೆ ಹತ್ತಿರವೇ ಇರುತ್ತವೆ, ಕರೆಂಟೂ ಇದೆ. ಜಿಗ್ಬೀ ಅಥವಾ ಬ್ಲೂಟೂತ್‌ನ ಸಣ್ಣ ಉಷ್ಣ-ತೇವ ಮಾಪಕವೇ ಸಾಕು. ಚಾಕಿಗೆ 27-28 ಡಿಗ್ರಿ, 85-90 ತೇವಾಂಶ. ನಾಲ್ಕನೇ ಜ್ವರ ಎದ್ದ ಹುಳುವಿಗೆ 24-25 ಡಿಗ್ರಿ, 70ರ ಸುತ್ತ. ಈ ಗಡಿ ದಾಟಿದರೆ ಫೋನ್ ಕೂಗುವಂತೆ ಇಟ್ಟುಕೊಳ್ಳಿ. ಮಾಪಕ ತಟ್ಟೆಗಳ ಎತ್ತರದಲ್ಲೇ ಇರಲಿ, ಸೂರಿಗೆ ಕಟ್ಟಬೇಡಿ.

ಕೊಳ್ಳುವಾಗ ಮೂರು ಮಾತು ಕೇಳಿ. ದೂರಸಂಪರ್ಕ ಇಲಾಖೆಯ ಇಟಿಎ ಪ್ರಮಾಣಪತ್ರ ಇದೆಯೇ? ಅಮೆರಿಕದ 915 ಮೆಗಾಹರ್ಟ್ಸ್ ಪೆಟ್ಟಿಗೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಲೈಸೆನ್ಸ್ ಇಲ್ಲದೆ ಬಳಸುವ ಅನುಮತಿ ಇಲ್ಲಿ ಅವಕ್ಕೆ ಅನ್ವಯಿಸುವುದಿಲ್ಲ. ಲೋರಾವ್ಯಾನ್ ಎಂಬ ಮುಕ್ತ ನಿಯಮಕ್ಕೆ ಹೊಂದುತ್ತದೆಯೇ? ಸೆನ್ಸರ್‌ನ ಗುಪ್ತ ಕೀಲಿಸಂಖ್ಯೆ ನಿಮ್ಮ ಕೈಗೆ ಕೊಡುತ್ತಾರೆಯೇ? ಕೊಡದಿದ್ದರೆ, ನಾಳೆ ಆ ಕಂಪನಿ ಬಾಗಿಲು ಹಾಕಿದಾಗ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ಗೇಟ್‌ವೇಯನ್ನು ಒಬ್ಬೊಬ್ಬರೇ ಕೊಳ್ಳುವುದು ದಂಡ. ಒಂದು ಗೇಟ್‌ವೇ ನೂರಾರು ಸೆನ್ಸರ್‌ಗಳ ಮಾತು ಕೇಳಬಲ್ಲದು. ನನ್ನನ್ನು ಕೇಳಿದರೆ ಅದಕ್ಕೆ ತಕ್ಕ ಜಾಗ ಊರಿನ ಹಾಲಿನ ಡೇರಿ. ಕರೆಂಟ್ ಇದೆ, ಕಂಪ್ಯೂಟರ್ ಇದೆ, ದಿನಕ್ಕೆರಡು ಬಾರಿ ಊರೇ ಅಲ್ಲಿ ಸೇರುತ್ತದೆ. ಹತ್ತು ಜನ ಸೇರಿ ಡೇರಿಯ ಮೇಲೋ ಓವರ್‌ಹೆಡ್ ಟ್ಯಾಂಕಿನ ಮೇಲೋ ಏರಿಸಿ. ಏಪ್ರಿಲ್-ಮೇ ಗುಡುಗಿಗೆ ಮೊದಲು ಸಿಡಿಲು ತಡೆ ಹಾಗೂ ಅರ್ಥಿಂಗ್ ಕಡ್ಡಾಯ ಮಾಡಿಸಿ. ಸೆನ್ಸರ್ ಎಲ್ಲಿ ಹೂಳಬೇಕೆಂಬ ಅನುಮಾನವಿದ್ದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಹೂತ ಕಡೆ ಕೆಂಪು ಬಣ್ಣದ ಗೂಟ ನೆಟ್ಟು, ಟ್ರ್ಯಾಕ್ಟರ್ ಹೊಡೆಯುವವರಿಗೆ ರೋಟವೇಟರ್ ಇಳಿಸುವ ಮುಂಚೆಯೇ ತೋರಿಸಿಬಿಡಿ.